ದಾವಣಗೆರೆ ಮನೆಯ ಹಾಲ್‌ಗೆ 65 ಇಂಚಿನ ಟಿವಿ ಜಾಸ್ತಿ ಆಗುತ್ತಾ?

ವಿದ್ಯಾನಗರದಲ್ಲಿ ಹೊಸ ಮನೆ, ಹಾಲ್ 10 ಅಡಿಗೆ 14 ಅಡಿ, 65 ಇಂಚಿನ 4ಕೆ ಟಿವಿ ತಂದರೆ ಜಾಸ್ತಿ ಆಗುತ್ತಾ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯವನೇ, ನಿಟ್ಟುವಳ್ಳಿ ಕಡೆ ಮನೆ. ಮೂರು ವರ್ಷದ ಹಿಂದೆ ಇದೇ ವಿಷಯಕ್ಕೆ ತಲೆ ಕೆಡಿಸಿಕೊಂಡು, ಕೊನೆಗೆ 55 ಇಂಚು ತಂದೆ. ಟಿವಿ ವ್ಯಾಪಾರದವನಲ್ಲ, ದಿನಾ ಅದರ ಮುಂದೆ ಕೂರುವವನು ಅಷ್ಟೇ.

ಮೊದಲು ಒಂದು ಕೆಲಸ ಮಾಡಿ. ಹಳೇ ಪೇಪರ್ ಅಂಟಿಸಿ ಟಿವಿಯ ಅಳತೆಗೆ ಒಂದು ಹಾಳೆ ಮಾಡಿ ಗೋಡೆಗೆ ಹಚ್ಚಿ. ಅಂಗಡಿಯವರು ಹೇಳುವ ಇಂಚು ಮೂಲೆಯಿಂದ ಮೂಲೆಗೆ. ಹಾಗಾಗಿ 55 ಇಂಚು ಅಂದರೆ ಅಗಲ 4 ಅಡಿ, ಎತ್ತರ 2 ಅಡಿ 3 ಇಂಚು. 65 ಅಂದರೆ ಅಗಲವೇ 4 ಅಡಿ 9 ಇಂಚಿನ ಹತ್ತಿರ. ಎರಡು ದಿನ ಆ ಪೇಪರ್ ಹಾಗೇ ಇರಲಿ. ನಮ್ಮ ಮನೆಗೆ ಬಂದವರೆಲ್ಲ ಇದೇನಪ್ಪಾ ಅಂತ ನಕ್ಕರು. ನಕ್ಕರೆ ನಗಲಿ, ನನಗೆ ಅಳತೆ ಗೊತ್ತಾಯಿತು.

ಹಾಲ್ 14 ಅಡಿ ಇದೆ ಅಂತ 14 ಅಡಿ ದೂರ ಸಿಗುವುದಿಲ್ಲ. ಟಿವಿ ಸಾಮಾನ್ಯವಾಗಿ ಉದ್ದದ ಗೋಡೆಗೆ ಬರುತ್ತದೆ, ಎದುರಿಗೆ ಸೋಫಾ. 10 ಅಡಿಯಲ್ಲಿ ಸೋಫಾದ ಜಾಗ ಕಳೆದರೆ ಕಣ್ಣಿಗೂ ಗೋಡೆಗೂ ಏಳೂವರೆ, ಎಂಟು ಅಡಿ ಉಳಿಯುತ್ತದೆ. 4ಕೆ ಟಿವಿಗೆ ಇಂಚಿನ ಒಂದೂವರೆ ಪಟ್ಟು ದೂರ ಇದ್ದರೆ ಚೆಂದ ಅನ್ನುತ್ತಾರೆ. 55ಕ್ಕೆ ಸುಮಾರು 7 ಅಡಿ, 65ಕ್ಕೆ 8 ಅಡಿ. ಅಂದರೆ ಲೆಕ್ಕದ ಪ್ರಕಾರ ನಿಮಗೆ 65 ಕೂಡ ಹಿಡಿಸುತ್ತದೆ.

ಆದರೂ ನಾನು 55 ಅಂತಲೇ ಹೇಳುತ್ತೇನೆ. ಯಾಕಂದ್ರೆ ನಿಮ್ಮ ಮನೆಯಲ್ಲಿ ಏನು ನೋಡುತ್ತಾರೆ ಅನ್ನುವುದನ್ನು ನೀವು ಬರೆದೇ ಇಲ್ಲ.

ನಮ್ಮ ಮನೆಯಲ್ಲಿ ಟಿವಿ ಅವ್ವನದು. ಸಂಜೆ ಆರರಿಂದ ಹತ್ತರವರೆಗೆ ಸೀರಿಯಲ್. ಹೊಸ ಟಿವಿ ಹಾಕಿದ ಮೊದಲ ಸಂಜೆಯೇ ಅವ್ವ, "ಇದೇನೋ, ಎಲ್ಲರ ಮುಖಕ್ಕೂ ಎಣ್ಣೆ ಹಚ್ಚಿದಂಗೆ ಕಾಣ್ತೈತಿ, ಹಳೇದೇ ಚೆಂದಿತ್ತು" ಅಂದರು. ಅಷ್ಟು ದುಡ್ಡು ಕೊಟ್ಟ ನನಗೆ ಹೇಗಾಗಿರಬೇಡ! ತಪ್ಪು ಟಿವಿಯದಲ್ಲ. ಎಚ್‌ಡಿ ಅಲ್ಲದ ಸಾದಾ ಚಾನೆಲ್‌ನ ಚಿತ್ರದಲ್ಲಿ 720 ಅಡ್ಡ, 576 ಉದ್ದ ಚುಕ್ಕೆ ಇರುತ್ತವೆ. 4ಕೆ ಟಿವಿಯಲ್ಲಿ 3840ಕ್ಕೆ 2160. ಗುಣಿಸಿ ನೋಡಿ, ಸರಿಯಾಗಿ ಇಪ್ಪತ್ತು ಪಟ್ಟು. ಒಂದು ದೋಸೆಯ ಹಿಟ್ಟನ್ನು ಇಪ್ಪತ್ತು ದೋಸೆಗೆ ಎಳೆದ ಹಾಗೆ. ಹಂಚು ದೊಡ್ಡದಾದಷ್ಟೂ ತೂತು ಜಾಸ್ತಿ.

ಅದರ ಮೇಲೆ ಇನ್ನೊಂದು ಎಡವಟ್ಟು. ಕೇಬಲ್ ಹುಡುಗ ಸೆಟ್‌ಟಾಪ್ ಬಾಕ್ಸನ್ನು ಹಳೇ ಕೆಂಪು, ಬಿಳಿ, ಹಳದಿ ವೈರಿನಲ್ಲೇ ಸಿಕ್ಕಿಸಿ ಹೋಗಿದ್ದ. ಆ ವೈರಿನಲ್ಲಿ ಎಚ್‌ಡಿ ಚಿತ್ರ ಬರುವುದೇ ಇಲ್ಲ. ನನಗೆ ಅದು ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಎಚ್‌ಡಿ ಬಾಕ್ಸ್ ತಗೊಂಡು, ಎಚ್‌ಡಿಎಂಐ ವೈರ್ ಹಾಕಿ, ಅವ್ವ ನೋಡುವ ನಾಲ್ಕು ಚಾನೆಲ್ ಮಾತ್ರ ಎಚ್‌ಡಿ ಮಾಡಿಸಿದೆ. ಎಣ್ಣೆ ಮುಖ ಹೋಯಿತು. ನಿಮ್ಮ ಮನೆಯಲ್ಲಿ ಬರೀ ಓಟಿಟಿ ಸಿನಿಮಾ, ಮ್ಯಾಚ್ ಅಂದರೆ 65 ಧೈರ್ಯವಾಗಿ ತನ್ನಿ. ಹಿರಿಯರಿದ್ದು ಸಾದಾ ಕೇಬಲ್ಲೇ ಓಡುತ್ತದೆ ಅಂದರೆ 55 ದಾಟಬೇಡಿ.

ಅಂಗಡಿಗೆ ಹೋಗುವಾಗ ಜೇಬಲ್ಲಿ ಪೆನ್‌ಡ್ರೈವ್ ಇರಲಿ. ಅಲ್ಲಿ ಗಿಳಿ, ಜಲಪಾತ, ಹೂವು ಓಡಿಸುತ್ತಿರುತ್ತಾರೆ, ಬಣ್ಣವನ್ನೂ ಕಣ್ಣು ಕುಕ್ಕುವಷ್ಟು ಏರಿಸಿರುತ್ತಾರೆ. ಅದನ್ನು ನೋಡಿ ಯಾವ ಟಿವಿಯೂ ಕೆಟ್ಟದು ಅನ್ನಿಸುವುದಿಲ್ಲ. ನಿಮ್ಮ ಫೋನಲ್ಲಿ ತೆಗೆದ ಮದುವೆ ವಿಡಿಯೋ ಹಾಕಿಸಿ. ಮನೆಯವರ ಮುಖದ ಬಣ್ಣ ನಿಮಗೆ ಗೊತ್ತೇ ಇರುತ್ತದೆ ಅಲ್ವಾ? ಆಮೇಲೆ ಪಕ್ಕಕ್ಕೆ ಸರಿದು ನಿಂತು ನೋಡಿ. ಕೆಲವು ಪ್ಯಾನೆಲ್‌ಗಳು ಎದುರಿಗೆ ಕಪ್ಪನ್ನು ಚೆನ್ನಾಗಿ ತೋರಿಸುತ್ತವೆ, ಪಕ್ಕದಿಂದ ಬಣ್ಣ ಪೇಲವ. ಮ್ಯಾಚ್ ದಿನ ಚಾಪೆ ಮೇಲೆ, ಬಾಗಿಲ ಹತ್ತಿರ, ಎಲ್ಲೆಂದರಲ್ಲಿ ಜನ ಕೂರುವ ಮನೆಗೆ ಇದು ಮುಖ್ಯ. ದರ ಕೇಳುವಾಗ ನೆನಪಿಡಿ, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ.

ಪಶ್ಚಿಮದ ಕಿಟಕಿ ಎದುರಿಗೆ ಮಾತ್ರ ಟಿವಿ ಹಾಕಬೇಡಿ. ಏಪ್ರಿಲ್‌ನಲ್ಲಿ ನಮ್ಮೂರ ನಾಲ್ಕು ಗಂಟೆಯ ಬಿಸಿಲಿಗೆ ಟಿವಿಯೊಳಗೆ ಕಿಟಕಿಯೇ ಕಾಣುತ್ತದೆ. ಎತ್ತರದಲ್ಲಿ ನಾನು ಮೋಸ ಹೋದೆ. ಶೋಕೇಸ್ ಮೇಲೆ ಚೆಂದ ಕಾಣುತ್ತೆ ಸರ್ ಅಂತ ಫಿಟ್ ಮಾಡುವವನು ಅಂದ, ನಾನೂ ಹೂಂ ಅಂದೆ. ಚಾಪೆ ಮೇಲೆ ಕೂರುವ ಅವ್ವನಿಗೆ ವಾರದಲ್ಲಿ ಕುತ್ತಿಗೆ ನೋವು. ಬಿಚ್ಚಿಸಿ ಒಂದೂವರೆ ಅಡಿ ಕೆಳಗೆ ಹಾಕಿಸಿದೆ, ಮೇಲಿನ ತೂತುಗಳನ್ನು ಈಗ ಕ್ಯಾಲೆಂಡರ್ ಮುಚ್ಚಿದೆ. ಕೂತಾಗ ಟಿವಿಯ ನಡುಭಾಗ ಕಣ್ಣಿನ ಮಟ್ಟಕ್ಕೆ ಬರಬೇಕು. ನಿಮ್ಮದು ಹೊಸ ಮನೆ, ಬಣ್ಣ ಹೊಡೆಸುವ ಮುಂಚೆಯೇ ಗೋಡೆಯೊಳಗೆ ವೈರಿಗೆ ಒಂದು ದಪ್ಪ ಪೈಪ್ ಬಿಡಿಸಿಬಿಡಿ.

ಸೌಂಡ್ ಬಗ್ಗೆ ಯಾರೂ ಹೇಳುವುದಿಲ್ಲ. ತೆಳು ಟಿವಿಯ ಸ್ಪೀಕರ್ ಸಣ್ಣದು, ಬಹಳಷ್ಟರಲ್ಲಿ ಕೆಳಮುಖ. ಬೇಸಿಗೆಯಲ್ಲಿ ಫ್ಯಾನ್ ಐದಕ್ಕೆ ಇಟ್ಟರೆ ಹಾಡು ಕೇಳುತ್ತದೆ, ಮಾತು ಕೇಳುವುದಿಲ್ಲ. 65ರ ಬದಲು 55 ತಂದು ಉಳಿದ ದುಡ್ಡಿಗೆ ಒಂದು ಸೌಂಡ್‌ಬಾರ್ ತಗೊಳ್ಳಿ. ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ಕರೆಂಟಿಗೆ ಹೆದರಬೇಡಿ. 120 ವಾಟ್ ಟಿವಿ ದಿನಾ ಐದು ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿ ಇದ್ದರೆ ಕೂಲರ್ ಹಾಕುವ ತಿಂಗಳು ಮಾತ್ರ ಮೀಟರ್ ಮೇಲೆ ಕಣ್ಣಿಡಿ, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮುಂಗಾರು ಮುಂಚಿನ ಗುಡುಗು ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ, ಕೇಬಲ್ ವೈರನ್ನೂ.

ಸಿನಿಮಾ ಹಾಕಿದಾಗ ಸೀರಿಯಲ್ ತರಹ ನುಣ್ಣಗೆ ಜಾರಿದ ಹಾಗೆ ಕಂಡರೆ ಗಾಬರಿ ಬೇಡ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ, ನಡುವೆ ಟಿವಿ ತನ್ನದೇ ಚಿತ್ರ ತುರುಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಅಂತಿರುವುದನ್ನು ಆಫ್ ಮಾಡಿ.

ಇನ್ನು ಒರೆಸುವುದು. ಒಣಗಿದ ಮೈಕ್ರೋಫೈಬರ್ ಬಟ್ಟೆ ಸಾಕು, ಗಾಜು ಒರೆಸುವ ಲಿಕ್ವಿಡ್ ಬೇಡ. ಮೊದಲ ಆಯುಧಪೂಜೆಗೆ ಅವ್ವ ಟಿವಿಯ ನಡುಮಧ್ಯೆ ಮೂರು ಬೆರಳ ವಿಭೂತಿ ಎಳೆದು ಕುಂಕುಮ ಇಟ್ಟಿದ್ದರು. ಮಾರನೇ ದಿನ ನಾನು ಒದ್ದೆ ಬಟ್ಟೆಯಲ್ಲಿ ಗಸಗಸ ತಿಕ್ಕಿದೆ. ಟಿವಿ ಆಫ್ ಇದ್ದಾಗ ಆ ಗೆರೆಗಳು ಇವತ್ತಿಗೂ ಕಾಣುತ್ತವೆ. ಈಗ ವಿಭೂತಿ ರಿಮೋಟಿಗೆ ಹಚ್ಚುತ್ತಾರೆ.