ನೀರಿನ ಮೇಲೆ ಜಾಗ ಹಿಡಿಯುವವರು

ಪ್ರಶ್ನೆ: ಸರ್, ಮಗಳು ಧಾರವಾಡದಲ್ಲಿ ಎಂ.ಎಸ್‌ಸಿ. ಓದುತ್ತಾಳೆ. ಕೊಲಾಜನ್ (ಚರ್ಮ, ಮೂಳೆಗಳಲ್ಲಿರುವ ಪ್ರೋಟೀನು) ಜೊತೆ ಸೋಪಿನಂಥ ವಸ್ತು ಸೇರಿಸಿ ನೀರಿನ ಮೇಲೆ ಒಂದೇ ಅಣು ದಪ್ಪದ ಪದರ ಮಾಡುತ್ತಾರಂತೆ. ಅದು ಕರಗಿ ಹೋಗುವುದಿಲ್ಲವೇ? ಕಾಲು ಸೂಪು ಆರಿದಾಗ ಮೇಲೆ ಕಟ್ಟುವುದೂ ಇದೇನಾ?
– ಓದುಗರೊಬ್ಬರು, ಬೆಟಗೇರಿ

ಉತ್ತರ: ಮೊದಲು ಸೂಪಿನ ವಿಷಯ ಮುಗಿಸೋಣ. ಚಮಚದಿಂದ ಎತ್ತಲು ಬರುವ ಬಿಳಿ ಪದರ ಬರೀ ಕೊಬ್ಬು. ಅದರ ಕೆಳಗೆ ಗದಗದ ನಡುಗುವುದು ಜೆಲಾಟಿನ್, ಅಂದರೆ ಬೆಂದು ಎಳೆ ಬಿಚ್ಚಿಕೊಂಡ ಕೊಲಾಜನ್. ಮಗಳು ಹೇಳುವ ಪದರ ಇವೆರಡೂ ಅಲ್ಲ. ಅದು ಕಣ್ಣಿಗೆ ಕಾಣುವುದೇ ಇಲ್ಲ.

ಬೇಯಿಸದ ಕೊಲಾಜನ್ ಮೂರು ಎಳೆ ಹೆಣೆದ ಅಣು. ಉದ್ದ ಸುಮಾರು 300 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು), ದಪ್ಪ ಬರೀ 1.5. ಈ ಮೂರೆಳೆಯ ಗುಟ್ಟು ಬಿಡಿಸಿದ್ದು ಮದ್ರಾಸಿನಲ್ಲಿ, 1954-55ರಲ್ಲಿ, ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಕಾಂಗರೂ ಬಾಲದ ಸ್ನಾಯುರಜ್ಜು ತರಿಸಿಕೊಂಡು ಮಾಡಿದ ಕೆಲಸ ಅದು. ನಮ್ಮ ಕಾಲೇಜುಗಳಲ್ಲಿ ಇವರ ಹೆಸರು ಇನ್ನೂ ಜೋರಾಗಿ ಕೇಳಬೇಕಿತ್ತು ಅನ್ನುವುದು ನನ್ನ ಹಳೆಯ ತಕರಾರು.

ಕರಗುವುದಿಲ್ಲವೇ ಅಂದಿರಿ. ಒಳ್ಳೆಯ ಪ್ರಶ್ನೆ. ಕೊಂಚ ಕೆಳಗೆ ಇಳಿಯುತ್ತದೆ, ನಿಜ. ಆದರೆ ಈ ಅಣುವಿನಲ್ಲಿ ನೀರು ಬೇಕೆನ್ನುವ ಭಾಗವೂ ಇದೆ, ಬೇಡವೆನ್ನುವ ಭಾಗವೂ ಇದೆ. ನೀರು-ಗಾಳಿ ಸೇರುವ ಗಡಿಯಲ್ಲಿ ಎರಡಕ್ಕೂ ಅನುಕೂಲ. ಒಮ್ಮೆ ಅಲ್ಲಿ ಮಲಗಿತೆಂದರೆ ಸುಲಭಕ್ಕೆ ಏಳುವುದಿಲ್ಲ. ಸೋಪಿನದೂ ಅದೇ ಸ್ವಭಾವ: ತಲೆ ನೀರಿನಲ್ಲಿ, ಬಾಲ ಗಾಳಿಯಲ್ಲಿ.

ಮನೆಯಲ್ಲೇ ನೋಡಿ. ಪರಾತದಲ್ಲಿ ನೀರು ಹಾಕಿ ಟಾಲ್ಕಂ ಪೌಡರ್ ಉದುರಿಸಿ. ಕಡ್ಡಿ ತುದಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ ನಡುವೆ ಮುಟ್ಟಿಸಿ. ಪೌಡರ್ ಒಂದೇ ಏಟಿಗೆ ಅಂಚಿಗೆ ಓಡುತ್ತದೆ. ಮತ್ತೆ ಉದುರಿಸಿ ಮುಟ್ಟಿಸಿದರೆ? ಸುಮ್ನೆ ನಿಂತಿರುತ್ತದೆ. ಮೇಲೆ ಜಾಗ ಆಗಲೇ ಭರ್ತಿ. ಪರಾತ ಮೊದಲು ಚೆನ್ನಾಗಿ ತೊಳೆಯಿರಿ, ಬೆರಳಿನ ಜಿಡ್ಡು ಸಾಕು ಆಟ ಕೆಡಲು.

ಇದನ್ನು ಅಳೆಯುವ ದಾರಿ ತೋರಿಸಿದ್ದು ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಕಾಲೇಜು ಮೆಟ್ಟಿಲು ಹತ್ತದ ಹೆಣ್ಣುಮಗಳು. ಅಡುಗೆಮನೆಯಲ್ಲಿ ಉದ್ದನೆಯ ತಗಡಿನ ತೊಟ್ಟಿಯನ್ನು ಅಂಚಿನವರೆಗೂ ತುಂಬಿ, ಮೇಲೆ ಅಡ್ಡ ತಗಡಿನ ಪಟ್ಟಿ ಇಟ್ಟು ಸರಿಸುತ್ತ ಹೋದಳು. ಅವಳ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಇವತ್ತಿನ ಲ್ಯಾಬಿನ ಯಂತ್ರವೂ ಅದೇ ತೊಟ್ಟಿ, ಅದೇ ಪಟ್ಟಿ. ಮೋಟಾರು ಮಾತ್ರ ಹೊಸದು. ಹೆಸರು ಜಾಸ್ತಿ ಆದದ್ದು ಆಮೇಲೆ ಇದೇ ಕೆಲಸ ಮುಂದುವರಿಸಿದ ಅಮೆರಿಕದ ವಿಜ್ಞಾನಿ ಲ್ಯಾಂಗ್‌ಮೂರ್‌ಗೆ, 1932ರ ನೊಬೆಲ್ ಕೂಡ. ಪಟ್ಟಿ ಸರಿಸಿದಾಗ ಆಗುವುದು ನಮ್ಮ ಚಿಗರಿ ಬಸ್ಸಿನಲ್ಲಿ ಆಗುವುದೇ: ಮೊದಲು ಆರಾಮಾಗಿ ನಿಂತಿರುತ್ತಾರೆ, ಆಮೇಲೆ ಭುಜಕ್ಕೆ ಭುಜ, ಇನ್ನೂ ಒತ್ತಿದರೆ ಒಬ್ಬರ ಮೇಲೊಬ್ಬರು.

ಈಗ ಕೊಲಾಜನ್, ಸೋಪು ಇಬ್ಬರನ್ನೂ ಸೇರಿಸಿದರೆ? ಇಲ್ಲೇ ಸ್ವಾರಸ್ಯ ಇರುವುದು. ಟೂತ್‌ಪೇಸ್ಟ್ ಡಬ್ಬಿ ಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್ ಅಂತ ಇರುತ್ತದಲ್ಲ, ಅಂಥದ್ದಕ್ಕೆ ಋಣ ವಿದ್ಯುದಂಶ. ಹುಳಿ ನೀರಿನಲ್ಲಿರುವ ಕೊಲಾಜನ್‌ಗೆ ಧನ. ಎರಡೂ ಅಂಟಿಕೊಳ್ಳುತ್ತವೆ. ಸೋಪು ಕಡಿಮೆ ಇದ್ದರೆ ಕೊಲಾಜನ್ನಿಗೆ ಸೋಪಿನ ಬಾಲಗಳು ಸಿಕ್ಕು, ಅದು ಮೇಲ್ಮೈಗೆ ಇನ್ನೂ ಹೊಂದಿಕೊಳ್ಳುತ್ತದೆ. ನೀರಿನ ಮೇಲ್ಮೈ ಎಳೆತ (ಅಂದರೆ ನೀರಿನ ಮೇಲ್ಮೈ ಬಿಗಿಯಾಗಿ ಎಳೆದುಕೊಳ್ಳುವ ಬಲ; ಶುದ್ಧ ನೀರಿಗೆ 25 ಡಿಗ್ರಿಯಲ್ಲಿ ಮೀಟರಿಗೆ 72 ಮಿಲಿನ್ಯೂಟನ್) ಒಂಟಿಯಾಗಿ ಇಳಿಸುವುದಕ್ಕಿಂತ ಜೋಡಿಯಾಗಿ ಜಾಸ್ತಿ ಇಳಿಯುತ್ತದೆ. ಸೋಪು ವಿಪರೀತ ಆದರೆ ಕಥೆ ಉಲ್ಟಾ. ಅದೇ ಮೇಲೆಲ್ಲ ಹಬ್ಬಿ, ಕೊಲಾಜನ್ನನ್ನು ಕೆಳಗೆ ತಳ್ಳುತ್ತದೆ. ಅಂದಮೇಲೆ ಯಾವುದು ಎಷ್ಟು ಅನ್ನುವುದೇ ಮಗಳ ತಲೆಬಿಸಿ ಇರಬೇಕು.

ಉಪಯೋಗ? ಈ ಪದರವನ್ನು ಗಾಜಿನ ಮೇಲೆ ಎತ್ತಿಕೊಳ್ಳಬಹುದು. ಕೊಲಾಜನ್ ಬಳಿದ ಗಾಜಿಗೆ ಜೀವಕೋಶಗಳು ಚೆನ್ನಾಗಿ ಅಂಟಿ ಬೆಳೆಯುತ್ತವೆ.

ಪ್ರಶ್ನೆ: ಕೊಲಾಜನ್ ಪೌಡರ್ ಕುಡಿದರೆ ಚರ್ಮಕ್ಕೆ ಹೋಗಿ ಸೇರುತ್ತದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ನೇರವಾಗಿ ಇಲ್ಲ. ಬೇಳೆ, ಮೊಟ್ಟೆಯ ಪ್ರೋಟೀನಿನ ಹಾಗೆ ಅದೂ ಹೊಟ್ಟೆಯಲ್ಲಿ ಒಡೆದು ಚೂರಾಗುತ್ತದೆ. ಆ ಚೂರು ಎಲ್ಲಿ ಬಳಸಬೇಕೆಂದು ತೀರ್ಮಾನಿಸುವುದು ದೇಹ, ಡಬ್ಬಿ ಮೇಲಿನ ಚಿತ್ರವಲ್ಲ.