ಜೀವಕೋಶದೊಳಗಿನ ಸೋಂಕು: ನಿಮ್ಮ ಲೇಖನ ಯಾಕೆ ವಾಪಸ್ ಬಂತು

ನಮಸ್ಕಾರ.

ಜೀವಕೋಶದ ಒಳಗೆ ಸೇರಿಕೊಳ್ಳುವ ರೋಗಾಣುಗಳನ್ನು ದೇಹ ಹೇಗೆ ಎದುರಿಸುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಾಲ್ಕನೇ ಪುಟದಲ್ಲಿ ಕ್ಷಯದ ಬಗ್ಗೆ ಒಂದು ಪ್ಯಾರಾ ಇದೆಯಲ್ಲ, ಅದನ್ನು ಓದಿದ ಮೇಲೆ ನಿಮಗೆ ವಿವರವಾಗಿ ಬರೆಯಲೇಬೇಕು ಅನಿಸಿತು.

ನಿಮ್ಮ ಮೊದಲ ವಾಕ್ಯ ಇದು: "ದೇಹವೆಂಬ ಕೋಟೆಗೆ ಶತ್ರುಗಳು ನುಗ್ಗಿದಾಗ ಪ್ರತಿಕಾಯಗಳೆಂಬ ಸೈನಿಕರು ಅವರನ್ನು ಸದೆಬಡಿಯುತ್ತಾರೆ." ಓದಲು ಜೋರಾಗಿದೆ. ಆದರೆ ಪ್ರತಿಕಾಯಗಳು, ಅಂದರೆ ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನುಗಳು, ಓಡಾಡುವುದು ರಕ್ತದಲ್ಲಿ, ಕೋಶಗಳ ಹೊರಗಿನ ದ್ರವದಲ್ಲಿ. ವೈರಸ್ ಕೋಶಕ್ಕೆ ಹೊಗುವ ಮುಂಚೆ ಅವು ಅದನ್ನು ಹಿಡಿಯಬಲ್ಲವು. ಒಳಗೆ ಹೊಕ್ಕ ಮೇಲೆ ಅವುಗಳ ಆಟ ಹೆಚ್ಚು ನಡೆಯುವುದಿಲ್ಲ. ನಿಮ್ಮ ವಿಷಯ ಶುರುವಾಗುವುದೇ ಅಲ್ಲಿಂದ, ಅಲ್ವಾ? ನೀವು ಮಾತ್ರ ಮೂರು ಪುಟ ಪ್ರತಿಕಾಯಕ್ಕೆ ಕೊಟ್ಟು, ಸೋಂಕಿತ ಕೋಶಗಳನ್ನು ಗುರುತಿಸುವ ಬಿಳಿ ರಕ್ತಕಣವಾದ ಟಿ ಕೋಶವನ್ನು ಐದು ಸಾಲಿನಲ್ಲಿ ಮುಗಿಸಿದ್ದೀರಿ.

ಓದುಗರು ಕೇಳುವ ಪ್ರಶ್ನೆ ಇದು: ರೋಗಾಣು ಒಳಗೆ ಅಡಗಿದೆ, ಹೊರಗಿರುವ ಟಿ ಕೋಶಕ್ಕೆ ಅದು ಗೊತ್ತಾಗುವುದು ಹೇಗೆ? ಕೋಶವೇ ತೋರಿಸಿಕೊಡುತ್ತದೆ. ನಮ್ಮ ಬಹುತೇಕ ಕೋಶಗಳು ತಮ್ಮೊಳಗೆ ತಯಾರಾಗುವ ಪ್ರೋಟೀನುಗಳಲ್ಲಿ ಒಂದಷ್ಟನ್ನು ಸದಾ ಚೂರು ಮಾಡುತ್ತಿರುತ್ತವೆ. 8ರಿಂದ 10 ಅಮೈನೋ ಆಮ್ಲಗಳಷ್ಟು ಉದ್ದದ ಆ ಚೂರುಗಳನ್ನು ಎಂಎಚ್‌ಸಿ ಎಂಬ ಅಣುವಿನ ಅಂಗೈಯಲ್ಲಿಟ್ಟು ಹೊರಮೈ ಮೇಲೆ ಹಿಡಿದು ನಿಲ್ಲುತ್ತವೆ. ಟಿ ಕೋಶ ಬಂದು ಮುಟ್ಟಿ ನೋಡುತ್ತದೆ. ಎಲ್ಲ ನಮ್ಮವೇ ಚೂರುಗಳಾದರೆ ಮುಂದಕ್ಕೆ ಹೋಗುತ್ತದೆ. ವೈರಸ್ಸಿನ ಚೂರು ಕಂಡರೆ ಅಲ್ಲೇ ಅಂಟಿಕೊಂಡು, ಪರ್ಫೋರಿನ್ ಎಂಬ ಪ್ರೋಟೀನಿನಿಂದ ಕೋಶದ ಪೊರೆಗೆ ತೂತು ಕೊರೆದು, ಗ್ರಾನ್‌ಜೈಮ್ ಎಂಬ ಕಿಣ್ವವನ್ನು ಒಳಗೆ ಬಿಡುತ್ತದೆ. ಕೋಶ ತನ್ನನ್ನು ತಾನೇ ಕಳಚಿಕೊಂಡು ಸಾಯುತ್ತದೆ.

ಸತ್ತದ್ದು ಯಾರು ನೋಡಿ. ನಮ್ಮದೇ ಕೋಶ. ನಿಮ್ಮ ಕೋಟೆಯ ಹೋಲಿಕೆ ಮುರಿದುಬೀಳುವುದು ಇಲ್ಲೇ. ಸೋಂಕು ಯಕೃತ್ತಿನಲ್ಲಿದ್ದರೆ ಸಾಯುವುದು ಯಕೃತ್ತಿನ ಕೋಶ. ಹೆಪಟೈಟಿಸ್ ಬಿ ಬಂದವರ ಯಕೃತ್ತಿಗೆ ಆಗುವ ಹಾನಿ ಹೆಚ್ಚಾಗಿ ಈ ಟಿ ಕೋಶಗಳಿಂದಲೇ. ಇಷ್ಟು ದೊಡ್ಡ ವಿಷಯ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ನನಗೆ ಅತಿ ಹೆಚ್ಚು ಬೇಸರವಾದದ್ದು ಇದಕ್ಕೆ.

ಇದೆಲ್ಲ ತಿಳಿದದ್ದು ಹೇಗೆ ಎಂಬುದನ್ನೂ ಬರೆಯಿರಿ. 1970ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ಎಂಬ ವಿಜ್ಞಾನಿಗಳು ಸೋಂಕು ತಗಲಿದ ಇಲಿಯ ಟಿ ಕೋಶಗಳನ್ನು ತೆಗೆದು ಸೋಂಕಿತ ಕೋಶಗಳ ಜೊತೆ ಬಿಟ್ಟರು. ಅದೇ ತಳಿಯ ಇಲಿಯ ಕೋಶಗಳಾದರೆ ಕೊಂದವು. ಬೇರೆ ತಳಿಯದಾದರೆ, ಒಳಗೆ ಅದೇ ವೈರಸ್ ಇದ್ದರೂ ಮುಟ್ಟಲಿಲ್ಲ. ವೈರಸ್ಸಿನ ಗುರುತು ಮಾತ್ರ ಸಾಲದು, ಅದನ್ನು ಹಿಡಿದ ಕೈಯೂ, ಅಂದರೆ ತಳಿಯಿಂದ ತಳಿಗೆ ಬೇರೆಯಾಗುವ ಎಂಎಚ್‌ಸಿಯೂ, ಪರಿಚಿತವಿರಬೇಕು ಅಂತ ಆಗ ಗೊತ್ತಾಯಿತು. 1996ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನೀವು ಇವರ ಹೆಸರು ಹೇಳಿ ಪ್ರಯೋಗವನ್ನೇ ಬಿಟ್ಟಿದ್ದೀರಿ. ಹೆಸರು ಬೇಕಾದರೆ ಬಿಡಿ, ಪ್ರಯೋಗ ಇರಲಿ.

ಎರಡು ತಪ್ಪು ತಿದ್ದಿಕೊಳ್ಳಿ. ಇಂಟರ್‌ಫೆರಾನ್ "ವೈರಸ್ಸನ್ನು ಕೊಲ್ಲುತ್ತದೆ" ಅಂದಿದ್ದೀರಿ. ಅದು ಸೋಂಕಿತ ಕೋಶ ಹೊರಬಿಡುವ ಸಂದೇಶದ ಪ್ರೋಟೀನು. ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ, ಅವು ವೈರಸ್ ಬೆಳೆಯದಂತೆ ತಯಾರಾಗುತ್ತವೆ. ಇನ್ನೊಂದು, ಕ್ಷಯ ಪತ್ತೆಗೆ ಮುಂಗೈಯ ಚರ್ಮದಲ್ಲಿ ಚುಚ್ಚುವ ಮಾಂಟೂ ಪರೀಕ್ಷೆ. ಚುಚ್ಚಿದ ಜಾಗದಲ್ಲಿ ಬರುವ ಊತ ಪ್ರತಿಕಾಯದ್ದಲ್ಲ, ಟಿ ಕೋಶಗಳದ್ದು. ಅವು ಬಂದು ಸೇರಲು ಸಮಯ ಬೇಕು. ಅದಕ್ಕೇ 48ರಿಂದ 72 ಗಂಟೆ ಬಿಟ್ಟು ನೋಡುತ್ತಾರೆ. ಕೆಂಪಾದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆರಳಿನಿಂದ ಸವರಿ, ಗಟ್ಟಿಯಾದ ಭಾಗದ ಅಂಚು ಹುಡುಕಿ, ಅದರ ಅಗಲವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ.

ಈಗ ಆ ನಾಲ್ಕನೇ ಪುಟ. "ನುಂಗಿದವನ ಹೊಟ್ಟೆಯಲ್ಲೇ ಮನೆ ಮಾಡಿತು" ಅಂತ ಬರೆದಿದ್ದೀರಿ. ಎಷ್ಟು ಸರಿಯಾದ ಮಾತು! ರೋಗಾಣುಗಳನ್ನು ನುಂಗುವ ರಕ್ಷಕ ಕೋಶವಾದ ಮ್ಯಾಕ್ರೋಫೇಜ್ ಕ್ಷಯದ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ನುಂಗಿದ್ದನ್ನು ಕರಗಿಸುವ ಚೀಲ ಬಂದು ಸೇರದಂತೆ ಬ್ಯಾಕ್ಟೀರಿಯಾ ತಡೆಯುತ್ತದೆ. ಇಲ್ಲಿ ಕೊಲ್ಲುವುದಕ್ಕಿಂತ ನುಂಗಿದ ಕೋಶಕ್ಕೆ ಬಲ ತುಂಬುವ ಕೆಲಸ ಜಾಸ್ತಿ. ಟಿ ಕೋಶಗಳಲ್ಲೇ ಇನ್ನೊಂದು ಬಗೆಯಾದ ಸಹಾಯಕ ಟಿ ಕೋಶ, ಗಾಮಾ ಎಂಬ ಬೇರೆ ಬಗೆಯ ಇಂಟರ್‌ಫೆರಾನ್ ಕೊಟ್ಟಾಗ ಮ್ಯಾಕ್ರೋಫೇಜ್‌ಗೆ ಆ ಬಲ ಬರುತ್ತದೆ. ಎಚ್‌ಐವಿ ಈ ಸಹಾಯಕ ಕೋಶಗಳನ್ನೇ ಕಡಿಮೆ ಮಾಡುವುದರಿಂದ, ಅಡಗಿದ್ದ ಕ್ಷಯ ಮತ್ತೆ ತಲೆ ಎತ್ತುತ್ತದೆ.

ಲೇಖನವನ್ನು ಈ ಪ್ಯಾರಾದಿಂದಲೇ ಶುರು ಮಾಡಿ. ಮೊದಲ ಮೂರು ಪುಟ ತೆಗೆದುಹಾಕಿ, ನೋವಾದರೂ ಪರವಾಗಿಲ್ಲ. 1200 ಪದ ಸಾಕು. ತಿದ್ದಿದ ಪ್ರತಿ ಬಂದಾಗ ನಾನೇ ಓದುತ್ತೇನೆ.

ಇಂತಿ,
ಸಂಪಾದಕ