ಫಿಂಚ್‌ಗೆ ವಿಟಮಿನ್: ನೀರಿಗೆ ಹಾಕಬೇಡಿ
ಬರೀ ಕಾಳು ತಿನ್ನುವ ಹೆಣ್ಣು ಫಿಂಚ್ ಹಕ್ಕಿ ಮೆತ್ತನೆ ಸಿಪ್ಪೆಯ ಮೊಟ್ಟೆ ಇಡುತ್ತಿದೆ, ನೀರಿಗೆ ದಿನಾ ವಿಟಮಿನ್ ಡ್ರಾಪ್ಸ್ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನೀರಿನಲ್ಲಿ ವಿಟಮಿನ್ ಬೇಗ ಸತ್ವ ಕಳೆದುಕೊಳ್ಳುತ್ತದೆ, ಬಟ್ಟಲಿನಲ್ಲಿ ಲೋಳೆ ಕಟ್ಟುತ್ತದೆ. ರುಚಿ ಹಿಡಿಸದಿದ್ದರೆ ಹಕ್ಕಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ.

ಮೊದಲು ಬೇಕಿರುವುದು ಕ್ಯಾಲ್ಸಿಯಂ. ಕಾಳಿನಲ್ಲಿ ಅದು ತೀರಾ ಕಮ್ಮಿ. ಪಂಜರಕ್ಕೆ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಸಿಕ್ಕಿಸಿ, ಮೆತ್ತನೆ ಬದಿ ಹಕ್ಕಿಯ ಕಡೆಗಿರಲಿ. ಆದರೆ ವಿಟಮಿನ್ ಡಿ3 ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಕಿಟಕಿ ಗಾಜಿನ ಹಿಂದಿನ ಬಿಸಿಲು ಇದಕ್ಕೆ ಸಾಲದು. ಡಿ3 ಇರುವ ಪುಡಿಯನ್ನು ಒದ್ದೆ ಸೊಪ್ಪಿಗೆ ಉದುರಿಸಿ. ಒಣ ಕಾಳಿಗೆ ಹಾಕಿದರೆ ಸಿಪ್ಪೆ ಸುಲಿಯುವಾಗ ಸುಮ್ನೆ ಉದುರಿಹೋಗುತ್ತದೆ. ಡಬ್ಬಿಯ ಮೇಲಿನ ಅಳತೆ ಮೀರಬೇಡಿ, ಡಿ3 ಜಾಸ್ತಿಯಾದರೆ ಮೂತ್ರಪಿಂಡಕ್ಕೆ ಪೆಟ್ಟು.

ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತರೆ ಮೊಟ್ಟೆ ಸಿಕ್ಕಿಕೊಂಡಿರಬಹುದು, ತಕ್ಷಣ ಪಶುವೈದ್ಯರಿಗೆ ತೋರಿಸಿ.